ಪುಟ್ಟಯ್ಯನ ಪಾಲಿನ ಪರಲೋಕ

ತುರ್ತು ಪರಿಸ್ಥಿತಿ ಮುಗಿದ ಮಾರನೆಯ ವರ್ಷ ಪುಟ್ಟಯ್ಯನನ್ನು ನೇಣಿಗೆ ಹಾಕಲೇಬೇಕೆಂದು ತರೀಕೆರೆಗೆ ತರೀಕೆರೆಯೇ ಹಟ ಹಿಡಿದಿತ್ತು. ಅಜ್ಜಂಪುರದ ಸಂತೆ ಮುಗಿಸಿ, ಕುಡಿದು ಲಾರಿಯಲ್ಲಿ ಮಲಗಿದ್ದ ಜಯರಾಜನನ್ನು ಅವನು ಹಳೇ ಹಗೆಗೆ ಕೊಡಲಿಯಿಂದ ಕಡಿದಿದ್ದ. ಕೋರ್ಟು ಗಲ್ಲು ಅಂದಿತು, ಮೇಲಿನ ಕೋರ್ಟೂ ಹೂಂ ಅಂದಿತು. ಉಳಿದದ್ದು ರಾಷ್ಟ್ರಪತಿಗಳ ದಯೆ ಒಂದೇ. ಆ ದಯೆ ಬೇಡವೆಂದು ಬಟ್ಟೆ ಅಂಗಡಿಯ ಓಂಕಾರಮೂರ್ತಿ ವ್ಯಾಪಾರ ಬಿಟ್ಟು ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದ.

ಸತ್ತ ಜಯರಾಜನ ತಾಯಿ ಪ್ರೇಮಮ್ಮ, ಆಸ್ಪತ್ರೆಯಲ್ಲಿ ಆಯಾ. ಅವಳ ಚರ್ಚಿನವರಲ್ಲೂ ಮುಕ್ಕಾಲು ಪಾಲು ಓಂಕಾರಮೂರ್ತಿಯ ಕಡೆಗೇ. ಸರ್ಕಾರದ ಕೈಗೆ ಕತ್ತಿ ಕೊಟ್ಟವನು ದೇವರೇ ಎಂದು ಸಭೆಯ ಹಿರಿಯ ದೇವಪುತ್ರಪ್ಪನವರು ವಾದಿಸುತ್ತಿದ್ದರು. ದೇವರು ಕೊಟ್ಟ ಜೀವ ತೆಗೆಯಲು ನಾವು ಯಾರು ಎಂದವರು ಪಾಸ್ಟರ್ ಅಯ್ಯನವರೊಬ್ಬರೇ. ಅವರು ಕ್ಷಮೆಯ ಅರ್ಜಿ ಬರೆದು, ತಾಯಿಯ ಸಹಿ ಬಿದ್ದರೆ ಅದಕ್ಕೆ ತೂಕ ಎಂದು ಪ್ರೇಮಮ್ಮನ ಮನೆಗೆ ಎಡತಾಕುತ್ತಿದ್ದರು.

ಪ್ರೇಮಮ್ಮನಿಗೆ ಕತ್ತಿಯೂ ಬೇಕಿರಲಿಲ್ಲ, ಕ್ಷಮೆಯೂ ಬೇಕಿರಲಿಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಪುಟ್ಟಯ್ಯನ ತಾಯಿ ಭಾಗಮ್ಮನನ್ನು ಕಂಡು. ಬೆಳಗಾವಿ ಜೈಲಿಗೆ ಹೋಗಿಬಂದಾಗಲೆಲ್ಲ ಭಾಗಮ್ಮ, ಮಗ ಸೊರಗಿದ್ದಾನೆ ಎಂದು ಸಿಕ್ಕವರ ಮುಂದೆ ಅಳುತ್ತಿದ್ದಳು. ಸೊರಗಲಿಕ್ಕಾದರೂ ಅವಳಿಗೊಬ್ಬ ಮಗ ಇದ್ದಾನಲ್ಲ! ಅವನನ್ನೂ ಕಿತ್ತುಕೊಂಡರೆ ಇಬ್ಬರೂ ಸರಿಸಮ ಎಂದುಕೊಂಡು, ಭಾನುವಾರ ಆರಾಧನೆ ಮುಗಿದ ಮೇಲೆ ಓಂಕಾರಮೂರ್ತಿಗೆ ಸಹಿ ಹಾಕಿಕೊಡಲು ಒಪ್ಪಿದ್ದಳು.

ಆ ಭಾನುವಾರವೇ ಅಯ್ಯನವರು ಸಭೆಗೆ ಶುಭಸಮಾಚಾರ ತಂದರು. ಪುಟ್ಟಯ್ಯ ಜೈಲಿನಲ್ಲಿ ಪಶ್ಚಾತ್ತಾಪಪಟ್ಟು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾಗಿದ್ದನಂತೆ. ಹೆಂಗಸರು ಕಣ್ಣೊರೆಸಿಕೊಂಡರು. ದೇವಪುತ್ರಪ್ಪನವರಂತೂ ಎದ್ದು ನಿಂತು, ಪಾಪವೆಲ್ಲ ತೊಳೆದುಹೋಯಿತು, ಇನ್ನು ನೇಣಾದರೂ ಚಿಂತೆಯಿಲ್ಲ, ನೇರ ಪರಲೋಕಕ್ಕೇ, ದೇವರ ಬಳಿಗೇ ಹೋಗುತ್ತಾನೆ ಎಂದು ಸಾಕ್ಷಿ ಹೇಳಿದರು. ಇದೇ ದೇವಪುತ್ರಪ್ಪ ಜಯರಾಜನ ಗುಂಡಿಯ ಬಳಿ ನಿಂತು, ವರ್ಷಗಟ್ಟಲೆ ಚರ್ಚಿನ ಮೆಟ್ಟಿಲು ಹತ್ತದೆ ಕುಡಿದೇ ಸತ್ತವನು, ಎಲ್ಲಿಗೆ ಹೋದನೋ ಹೇಳಲಾಗದು ಅಂದಿದ್ದರು. ಪ್ರೇಮಮ್ಮ ಕೂತಲ್ಲೇ ಲೆಕ್ಕ ಹಾಕಿದಳು. ಕಡಿಸಿಕೊಂಡವನಿಗೆ ಪಶ್ಚಾತ್ತಾಪಪಡಲು ಒಂದು ಗಳಿಗೆ ಸಿಗಲಿಲ್ಲ. ಕಡಿದವನಿಗೆ ಸರ್ಕಾರವೇ ಪುರಸೊತ್ತು ಕೊಟ್ಟಿತ್ತು. ಈಗ ಹಗ್ಗ ಬಿಗಿದು ಅವನನ್ನು ಪರಲೋಕಕ್ಕೂ ಕಳಿಸುತ್ತಾರಂತೆ. ಆ ಕಳಿಸುವ ಕೆಲಸಕ್ಕೆ ತಾನು ಸಹಿ ಹಾಕಬೇಕೆ? ಬದುಕಿರಲಿ. ಮುದುಕನಾಗಿ, ಮತ್ತೆ ಪಾಪ ಮಾಡಿ, ನಂಬಿಕೆ ಕೆಡಿಸಿಕೊಂಡು ಸಾಯಲಿ.

ಹೊರಗೆ ಕಾದಿದ್ದ ಓಂಕಾರಮೂರ್ತಿಯತ್ತ ತಿರುಗಿಯೂ ನೋಡದೆ ಪ್ರೇಮಮ್ಮ ಅಯ್ಯನವರ ಅರ್ಜಿಗೆ ಸಹಿ ಹಾಕಿದಳು. ಸಭೆಗೆ ಸಭೆಯೇ ಅವಳನ್ನು ಕೊಂಡಾಡಿತು. ಹೊಗಳಿಕೆ ಕೇಳಿ ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಸಂಜೆ ಭಾಗಮ್ಮ ಓಡಿಬಂದು, ಬಾಗಿಲಲ್ಲೇ ಪ್ರೇಮಮ್ಮನ ಕಾಲು ಹಿಡಿದಳು. ಪ್ರೇಮಮ್ಮ ಕಾಲು ಎಳೆದುಕೊಂಡಳು.

"ನಿನ್ ಮೇಲಿನ ಕನಿಕರಕ್ಕೆ ಹಾಕಿಲ್ಲ ಕಣೇ. ನನ್ ಮಗನ್ಗೆ ಸಿಗದ ಪರಲೋಕ ನಿನ್ ಮಗನ್ಗೆ ಸಿಗ್ತದೆ ಅಂತ ಹೊಟ್ಟೆ ಉರೀತು. ಅವ್ನು ಅಲ್ಲಿಗೆ ಹೋಗ್ಬಾರ್ದು ಅಂತ ಹಾಕ್ದೆ."

ಭಾಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾತಕ್ಕಾದ್ರೂ ಹಾಕ್ರಕ್ಕ. ಆ ಪರಲೋಕ ಕಟ್ಕೊಂಡು ನಂಗೇನಾಗ್ಬೇಕು? ಜೈಲಲ್ಲೇ ಇರ್ಲಿ, ನನ್ ಮಗ ಉಸಿರಾಡ್ಕೊಂಡಿದ್ರೆ ಸಾಕು."

ಜಯರಾಜ ಕುಡುಕನಾಗಿಯೇ, ಚರ್ಚು ಬಿಟ್ಟವನಾಗಿಯೇ ಇದ್ದರೂ ಸರಿ, ಜೀವದಿಂದಿದ್ದರೆ ಸಾಕು; ಪ್ರೇಮಮ್ಮನಿಗೂ ಬೇಕಾಗಿದ್ದದ್ದು ಅಷ್ಟೇ. ಅದನ್ನು ತನ್ನ ಕೈಯಾರೆ ಭಾಗಮ್ಮನಿಗೆ ಕೊಟ್ಟುಬಿಟ್ಟಿದ್ದಳು. ಬಾಗಿಲ ಚೌಕಟ್ಟಿಗೆ ಒರಗಿ, ಆ ಹೆಂಗಸಿನ ಎದುರಿಗೇ, ಹೊಟ್ಟೆಕಿಚ್ಚು ತಡೆಯಲಾರದೆ ಅತ್ತಳು.