ಹಾಸಿಗೆಯ ಗುರುತು

ನನ್ನಕ್ಕನ ಗಂಡ, ಲಾರಿ ಚಾಲಕರಾದ ನಮ್ಮ ಭಾವ, ಯಾವ ಎತ್ತರದಿಂದಲೂ ಎದುರುಮುಖವಾಗಿ ಇಳಿದದ್ದನ್ನು ನಾನು ಕಂಡಿಲ್ಲ. ಹಿಡಿಕೆ ಹಿಡಿದು, ಲೋಕಕ್ಕೆ ಬೆನ್ನು ಮಾಡಿ, ಪಾದದಿಂದ ಮೆಟ್ಟಿಲು ತಡವುತ್ತ ಲಾರಿಯಿಂದ ಇಳಿದೂ ಇಳಿದೂ ಅದೇ ಅವರ ದೇಹಧರ್ಮವಾಗಿಬಿಟ್ಟಿತ್ತು. ಮಹಡಿಯ ಮೆಟ್ಟಿಲನ್ನೂ ಹಾಗೆಯೇ ಇಳಿಯುತ್ತಿದ್ದರು, ತಮ್ಮ ಮದುವೆಯ ವೇದಿಕೆಯಿಂದಲೂ ಹಾಗೆಯೇ ಇಳಿದು, ಮದುಮಗ ತಪ್ಪಿಸಿಕೊಳ್ಳುತ್ತಿದ್ದಾನೆಂದು ನೆಂಟರೆಲ್ಲ ನಗುವಂತೆ ಮಾಡಿದ್ದರು. ಅವರ ಕಂದು ಕೋಟಿಗೆ ಒಂದೇ ಮೊಣಕೈ ಸವೆದಿತ್ತು, ಕಿಟಕಿಗೆ ಊರುವ ಮೊಣಕೈ. ಅಕ್ಕ ಸಿಕ್ಕ ಬಣ್ಣದ ಬಟ್ಟೆಯಲ್ಲಿ ಅದಕ್ಕೆ ತೇಪೆ ಹಾಕುತ್ತಲೇ ಇದ್ದಳು, ಇನ್ನೊಂದು ತೋಳು ಅಂಗಡಿಯಿಂದ ಬಂದಂತೆಯೇ ಇತ್ತು. ಊರೆಷ್ಟು ದೂರ ಎಂದು ಕೇಳಿದರೂ, ಹೋದ ಕರೆಂಟು ಯಾವಾಗ ಬರುತ್ತದೆಂದು ಕೇಳಿದರೂ ಅವರದೊಂದೇ ಉತ್ತರ: "ಇನ್ನೇನು, ಬಂದೇಬಿಡ್ತು."

ಅವರ ಲಾರಿಯಲ್ಲಿ ಒಂದು ಯಂತ್ರವಿತ್ತು. ಗಾಡಿಯ ವೇಗ, ಓಡಿದ ದೂರ, ಚಾಲಕ ದುಡಿದ ಹೊತ್ತು ಎಲ್ಲವನ್ನೂ ದಾಖಲಿಸಿಕೊಳ್ಳುವುದು ಅದರ ಕೆಲಸ. ಗಾಡಿ ಓಡುವುದು ಅದಕ್ಕೆ ತಾನಾಗಿಯೇ ತಿಳಿಯುತ್ತಿತ್ತು. ನಿಂತಾಗ ಚಾಲಕ ಏನು ಮಾಡುತ್ತಿದ್ದಾನೆಂಬುದನ್ನು ಮಾತ್ರ ಅವನೇ ಒಂದು ಗುಂಡಿ ತಿರುಗಿಸಿ ತಿಳಿಸಬೇಕಿತ್ತು. ಸುತ್ತಿಗೆಯ ಗುರುತಿಗೆ ತಿರುಗಿಸಿದರೆ ಕೆಲಸ, ಹಾಸಿಗೆಯ ಗುರುತಿಗೆ ತಿರುಗಿಸಿದರೆ ವಿಶ್ರಾಂತಿ. ದಣಿದವನು ಗಾಡಿ ಓಡಿಸದಿರಲಿ ಎಂದು ಯಾವನೋ ಕರುಣಾಳು ಮಾಡಿದ ಏರ್ಪಾಡು ಅದು. ಓಡುವ ಗಾಡಿಯೂ ನಿಂತಿದೆಯೆಂದು ತೋರುವಂತೆ ಅಯಸ್ಕಾಂತ ಅಂಟಿಸಿ ಯಂತ್ರದ ಕಣ್ಣಿಗೆ ಮಣ್ಣೆರಚುವ ಚಾಲಕರನ್ನು ಕಂಡರೆ ಭಾವನವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಗೋದಾಮಿನಲ್ಲಿ ಬೇರೆಯೇ ರೂಢಿಯಿತ್ತು. ಪೆಟ್ಟಿಗೆ ಇಳಿಸಬೇಕಾದವರು ಗೋದಾಮಿನವರು, ಇಳಿಸುತ್ತಿದ್ದವರು ಚಾಲಕರು. ಆ ಹೊತ್ತನ್ನೂ ಕೆಲಸವೆಂದು ತೋರಿಸಿದರೆ ಕಾನೂನು ಒಪ್ಪುವ ದಿನದ ದುಡಿಮೆಯ ಮಿತಿ ಅಲ್ಲಿಯೇ ಕರಗಿ ಮುಂದಿನ ಊರು ಮುಟ್ಟುವಂತಿರಲಿಲ್ಲ. ಹಾಗಾಗಿ ಮೊದಲ ಪೆಟ್ಟಿಗೆಗೆ ಕೈ ಹಾಕುವ ಮುನ್ನ ಪ್ರತಿಯೊಬ್ಬರೂ ಗುಂಡಿಯನ್ನು ಹಾಸಿಗೆಗೆ ತಿರುಗಿಸುತ್ತಿದ್ದರು. ಮಾಲೀಕ ಹಾಗೆ ಮಾಡೆಂದು ಬಾಯಿಬಿಟ್ಟು ಹೇಳಿದವನಲ್ಲ. ಎಲ್ಲರಿಗೂ ಆಗುವುದು ನಿಮಗೊಬ್ಬರಿಗೆ ಏಕಾಗದು ಎಂದು ನಗುನಗುತ್ತಲೇ ವಿಚಾರಿಸಿದ್ದ. ಅಕ್ಕ ಆಕ್ಷೇಪಿಸಿದಾಗ ಭಾವ ಹೇಳಿದ್ದು ನನಗಿನ್ನೂ ನೆನಪಿದೆ: "ಹೋಗೋದು ನನ್ನ ನಿದ್ದೆ ತಾನೆ? ಬೇರೆಯವರದ್ದೇನೂ ಕದೀತಿಲ್ವಲ್ಲ."

ಆ ರೂಢಿ ಬರಬರುತ್ತ ಮನೆಗೂ ಬಂತು. ಕಪಾಟು ಸರಿಸಲು ಅಕ್ಕ ಕರೆದರೆ, ಬಲಗೈಯ ಎರಡು ಬೆರಳಿನಿಂದ ಗಾಳಿಯಲ್ಲಿ ಇಲ್ಲದ ಗುಂಡಿಯನ್ನು ತಿರುಗಿಸಿ, ಈಗ ನಾನು ಮಲಗಿದ್ದೇನೆಂದು ಘೋಷಿಸಿ, ಆಮೇಲೆ ಹೆಗಲು ಕೊಡುತ್ತಿದ್ದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಬೆಳಗಿನಿಂದ ಪೆಟ್ಟಿಗೆ ಇಳಿಸಿ ಹೊರಟ ಒಂದು ಮಧ್ಯಾಹ್ನ, ಸುಡುಬಿಸಿಲಿನ ನೆಟ್ಟನೆಯ ರಸ್ತೆಯಲ್ಲಿ, ಇನ್ನೇನು ಬಂದೇಬಿಡ್ತು ಎಂದು ತಮಗೆ ತಾವೇ ಹೇಳಿಕೊಂಡದ್ದಷ್ಟೇ ಅವರಿಗೆ ನೆನಪು. ರಸ್ತೆಯಂಚಿಗೆ ಬಿಳಿಗೆರೆ ಬಳಿಯುತ್ತಿದ್ದ ಕೂಲಿಯವನೊಬ್ಬ ಲಾರಿಗೆ ಸಿಕ್ಕಿ ಸತ್ತ. ಭಾವನವರ ಮೈಮೇಲೆ ಒಂದು ಗೀರೂ ಇರಲಿಲ್ಲ. ಅಂದೂ ಅವರು ಹಿಮ್ಮುಖವಾಗಿಯೇ ಇಳಿದರಂತೆ. ತಿರುಗಿದ ಮೇಲೆಯೇ ಅವನು ಕಂಡದ್ದು.

ಪೊಲೀಸರು ಯಂತ್ರವನ್ನು ಬಿಚ್ಚಿ ನೋಡಿದರು. ವೇಗ ಮಿತಿಯೊಳಗಿತ್ತು, ಬೆಳಗಿನಿಂದ ಚಾಲಕ ಹಾಯಾಗಿ ವಿಶ್ರಮಿಸಿದ್ದ. ಹಾಗಿದ್ದೂ ಕೊಂದವನು ದಣಿದವನಲ್ಲ, ಹೊಣೆಗೇಡಿ ಎಂದಾಯಿತು. ಪೆಟ್ಟಿಗೆಗಳಿಗೆ ಹೊರಗಿನವರು ಕೈ ಹಚ್ಚುವ ಪದ್ಧತಿಯೇ ತಮ್ಮಲ್ಲಿಲ್ಲ ಎಂದು ಗೋದಾಮಿನವರು ಕೈತೊಳೆದುಕೊಂಡರು. ಜೊತೆಯ ಚಾಲಕರು ಬಂದು ಎಲ್ಲರೂ ಹೀಗೆಯೇ ಮಾಡುತ್ತೇವೆಂದು ಹೇಳಿದರೆ ಶಿಕ್ಷೆ ಇಳಿಯುತ್ತದೆ, ಮಾಲೀಕನೂ ಉತ್ತರ ಕೊಡಬೇಕಾಗುತ್ತದೆ ಎಂದರು ವಕೀಲರು. ಆದರೆ ಹಾಗೆ ಹೇಳಿದವನ ಲೈಸೆನ್ಸೂ ಹೋಗುತ್ತಿತ್ತು. ವಿಚಾರಣೆಯ ದಿನ ಅವರಲ್ಲಿ ಮೂವರು ನೆಲ ನೋಡುತ್ತ ನ್ಯಾಯಾಲಯದ ಬಾಗಿಲಲ್ಲಿ ನಿಂತಿದ್ದರು.

"ಅವ್ರ ಹೆಸರು ಹೇಳಿ," ಎಂದಳು ಅಕ್ಕ. "ಸುಮ್ಮನಿದ್ರೆ ನೀವೊಬ್ರೇ ಜೈಲಿಗೆ ಹೋಗ್ತೀರಿ. ನಾಳೆ ಇನ್ನೊಬ್ಬ ಕೂಲಿಯವನು ಸಾಯ್ತಾನೆ."

 ಭಾವ ಒಳಗೆ ಹೋಗಿ, ಗುಂಡಿ ತಿರುಗಿಸಿದ ಕೈ ತನ್ನದೇ, ಬೇರೆಯವರ ವಿಷಯ ತನಗೆ ಗೊತ್ತಿಲ್ಲ ಎಂದುಬಿಟ್ಟರು. ಮೂವರೂ ತಲೆ ತಗ್ಗಿಸಿಕೊಂಡೇ ಹೊರಟುಹೋದರು. ಮರುದಿನ ಅವರೂ ಪೆಟ್ಟಿಗೆಗೆ ಕೈ ಹಾಕುವ ಮುನ್ನ ಹಾಸಿಗೆಗೆ ತಿರುಗಿಸಿದರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಭಾವ ಈಗ ಶಿಕ್ಷೆ ಮುಗಿಸಿ ಮನೆಗೆ ಬಂದಿದ್ದಾರೆ. ಲೈಸೆನ್ಸಿಲ್ಲ, ಕೆಲಸವಿಲ್ಲ, ಹಗಲೆಲ್ಲ ಮಲಗಿಯೇ ಇರುತ್ತಾರೆ, ಕಣ್ಣು ಮಾತ್ರ ಮುಚ್ಚುವುದಿಲ್ಲ. ಕೋಟು ಗೂಟದಲ್ಲಿ ತೂಗುತ್ತಿದೆ. ಮೊನ್ನೆ ನಾನು ಹೋದಾಗ ಹೊದಿಕೆಯ ಮೇಲೆ ಅವರ ಬೆರಳು ತಿರುಗುತ್ತಿದ್ದವು, ಈ ಸಲ ವಿರುದ್ಧ ದಿಕ್ಕಿಗೆ. ಇದೇನು ಭಾವ ಎಂದೆ.

"ಸುತ್ತಿಗೆಗೆ ಹಾಕ್ತಿದ್ದೀನಿ," ಎಂದರು. "ಈಗಲಾದ್ರೂ ಸರಿಯಾಗಿ ಬರ್ಕೊಳ್ಳಲಿ."

ನಗಲು ನನ್ನಿಂದ ಆಗಲಿಲ್ಲ. ಇಂಥವರು ಎಲ್ಲ ಕಸುಬುಗಳಲ್ಲೂ ಇದ್ದಾರೆ. ಪರರ ಸೊತ್ತಿನ ಒಂದು ಕಡ್ಡಿಯನ್ನೂ ಮುಟ್ಟದೆ, ಕದಿಯುವುದಾದರೆ ತಮ್ಮ ಮೈಯಿಂದ ಮಾತ್ರ ಕದಿಯುತ್ತ, ಅದನ್ನೇ ಪ್ರಾಮಾಣಿಕತೆಯೆಂದು ನಂಬಿದ ಜನ. ತಮ್ಮ ದಣಿವು ತಮ್ಮೊಬ್ಬರದೇ ಎಂದುಕೊಂಡಿರುತ್ತಾರೆ, ದಾರಿಯಲ್ಲಿ ನಿಂತವನ ಪ್ರಾಣವೂ ಅದರೊಳಗಿತ್ತೆಂಬುದು ಇಳಿದು ತಿರುಗುವವರೆಗೆ ಅವರಿಗೆ ತಿಳಿಯುವುದಿಲ್ಲ. ಅವರೆಷ್ಟು ದುಡಿದರೆಂಬುದಕ್ಕೆ ಈ ಲೋಕದಲ್ಲಿ ಎಲ್ಲಿಯೂ ಸಾಕ್ಷಿ ಸಿಗದು. ಇದ್ದೊಂದು ಸಾಕ್ಷಿಗೆ ಸುಳ್ಳು ಕಲಿಸಿದ್ದು ಅವರದೇ ಕೈ.