ಸೋ ಅನ್ನದ ಜಾಗ

“ಟೀವಿ ಎಲ್ಲಿಗ್ಲಾ ಒತ್ಕಂಡ್ ಓಯ್ತಿದ್ದೀಯ?”

ಈಶ್ವರನ್ ನಿಲ್ಲಲಿಲ್ಲ. ಟೀವಿಯನ್ನು ಎದೆಗೆ ಅವಚಿಕೊಂಡಿದ್ದರಿಂದ ಮುಂದೇನೂ ಕಾಣದೆ, ಹೊಸಿಲನ್ನು ಕಾಲಿನಿಂದ ತಡಕಿ ದಾಟಿ ಅಂಗಳಕ್ಕಿಳಿದ. ಅಂಗಳದ ನಡುವೆ ಬೆಂಚಿನ ಮೇಲೆ ಅವನ ಅವ್ವ ಸಿದ್ದಲಕ್ಷ್ಮಮ್ಮನನ್ನು ಮಲಗಿಸಿದ್ದರು. ಸುತ್ತ ಕುಳಿತಿದ್ದ ಹೆಂಗಸರು ಮೊಣಕಾಲು ಸರಿಸಿ ದಾರಿ ಬಿಟ್ಟರು. ಅವಳ ಕಾಲ ಕಡೆಗೆ ಒಂದು ಸ್ಟೂಲು ಎಳೆದು ಅವನು ಟೀವಿಯನ್ನು ಅದರ ಮೇಲೆ ಕೂರಿಸಿದ.

“ಸತ್ತ ಮನೇಲಿ ಸಿನಿಮಾ ಪಡ ಓಡಿಸ್ತಾನಂತೆ ಕಣವ್ವ.”

“ಪೈತ್ಯ ಇಡ್ದೈತೆ. ಅಪ್ಪ ಓಗಿ ಆಯ್ತು, ಈಗ ಅವ್ವನೂ ಇಲ್ಲ.”

ಬೇವಿನ ಮರಕ್ಕೆ ಕಟ್ಟಿದ್ದ ಕೊಳವೆ ಸ್ಪೀಕರಿನಲ್ಲಿ ಯಾವಳೋ ತಮಿಳಿನಲ್ಲಿ ಒಪ್ಪಾರಿ ಹೇಳಿ ಎದೆ ಬಡಿದುಕೊಳ್ಳುತ್ತಿದ್ದಳು. ಸೌಂಡ್ ಸೆಟ್ಟಿನ ಚಿಕ್ಕಣ್ಣ ತನ್ನ ಜನರೇಟರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಬೀಡಿ ಸೇದುತ್ತಿದ್ದ.

“ಚಿಕ್ಕಣ್ಣ, ಆ ಕ್ಯಾಸೆಟ್ಟಿನೋಳು ನಮ್ಮವ್ವನ್ನ ನೋಡಿದ್ಲಾ?”

“ಎಲ್ಲಿ ನೋಡ್ತಾಳ್ಲಾ? ಮದುರೆ ಕಡೆಯೋಳು.”

“ಮತ್ತೆ ಯಾಕ್ ಅಳ್ತಾಳೆ? ನಿಲ್ಸು.”

“ನಿಮ್ ದೊಡ್ಡಪ್ಪಾರು ಆಕು ಅಂದವ್ರೆ...”

“ಸತ್ತಿರೋದು ನಮ್ಮವ್ವ. ನಿಲ್ಸು ಅಂದೆ.”

ಒಪ್ಪಾರಿ ನಡುವೆಯೇ ತುಂಡಾಯಿತು. ಅಳುತ್ತಿದ್ದವರೂ ತಲೆಯೆತ್ತಿ ನೋಡಿದರು. ಕೊಟ್ಟಿಗೆಯ ಮುಂದೆ ಚಟ್ಟಕ್ಕೆ ಬಿದಿರು ಕಟ್ಟಿಸುತ್ತಿದ್ದ ರಾಮಪ್ಪ ಹೆಗಲ ಟವೆಲ್ಲು ಕೊಡವಿಕೊಂಡು ಬಂದ. ಸತ್ತವಳ ಗಂಡನ ಅಣ್ಣ ಅವನು. ತಮ್ಮ ತೀರಿಕೊಂಡ ದಿನದಿಂದ ಎರಡೂ ಮನೆಗೆ ಅವನದೇ ಮಾತು.

“ಏನ್ಲಾ ಇದು ಅಲಂಕಾರ?”

“ಅವ್ವನ ಆಡು, ದೊಡ್ಡಪ್ಪ. ಎತ್ತೋಕ್ ಮುಂಚೆ ಎಲ್ಲಾರೂ ಒಂದ್ಸಲ ಕೇಳ್ಲಿ.”

“ಯಾವ ಆಡು?”

ಈಶ್ವರನ್ ಅಂಗಿಯೊಳಗಿನಿಂದ ಒಂದು ಡಿಸ್ಕ್ ತೆಗೆದ. ಬೆವರು ಹತ್ತದಿರಲೆಂದು ಅದನ್ನು ಪತ್ರಿಕೆಯಲ್ಲಿ ಸುತ್ತಿದ್ದ.

“ಮಾಲತಿ ಮದ್ವೇಲಿ ಯೋಳಿದ್ದು.”

ರಾಮಪ್ಪ ಬೆಂಚಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಆ ಟೇಪಲ್ಲಿ ಅವಳ ದನಿ ಇಲ್ಲ. ನಾನೇ ಇಲ್ದಂಗೆ ಮಾಡ್ಸಿದ್ದೀನಿ.”

“ಗೊತ್ತು. ಅದಕ್ಕೇ ಆಕ್ತಾ ಇರೋದು.”

*

ಮೂರು ವರ್ಷದ ಹಿಂದೆ, ಪಕ್ಕದ ರಾಮಪ್ಪನ ಅಂಗಳದಲ್ಲಿ ಚಪ್ಪರ. ಅವನ ಮಗಳು ಮಾಲತಿಯನ್ನು ಹಸೆಗೆ ಕೂರಿಸಿದ್ದರು. ಹಸೆಯ ಮುಂದೆ ಸೋಬಾನೆ ಆಗಬೇಕು. ಬಲ್ಲವಳು ಊರಲ್ಲಿ ಒಬ್ಬಳೇ ಉಳಿದಿದ್ದಳು, ಅವಳು ಗಂಡ ಸತ್ತವಳು. ಹಿತ್ತಲಲ್ಲಿ ನುಗ್ಗೆಕಾಯಿ ಹೆಚ್ಚಲು ಕೂರಿಸಿದ್ದರು. ಹುಡುಗಿಯರಿಗೆ ಬರುತ್ತಿದ್ದದ್ದು ಸಿನಿಮಾ ಪಾಟ್ಟು. ಅದನ್ನು ಹೇಳಲು ಅವರಿಗೂ ನಾಚಿಕೆ. ವಿಡಿಯೋದವನು ಕಣ್ಣು ಕುಕ್ಕುವ ದೀಪ ಹಿಡಿದು, “ಯಾರಾವದು ಪಾಡುಂಗಮ್ಮಾ, ಟೇಪು ಓಡುದು” ಎಂದು ಹಾಡಲು ಅವಸರ ಮಾಡುತ್ತಿದ್ದ. ಮಾಲತಿ ತಲೆ ತಗ್ಗಿಸಿ ಕಾಯುತ್ತಿದ್ದಳು.

ಸಿದ್ದಲಕ್ಷ್ಮಮ್ಮ ಈಳಿಗೆ ಮಣೆ ಸರಿಸಿ ಎದ್ದಳು. ಸೆರಗಿಗೆ ಕೈ ಒರೆಸುತ್ತ ಬಂದು ಚಪ್ಪರದ ಕಂಬಕ್ಕೆ ಆನಿಕೊಂಡು ಶುರು ಮಾಡಿದಳು. ಯಾರೋ ಶ್ ಎಂದರು. ಇನ್ಯಾರೋ ಸೆರಗು ಹಿಡಿದೆಳೆದರು. ರಾಮಪ್ಪ ಎದ್ದು ನಿಂತ. ಅವನು ನಿಂತದ್ದು ಕಂಡು ಇಡೀ ಚಪ್ಪರ ಉಸಿರು ಬಿಗಿಹಿಡಿಯಿತು. ಅವಳು ನಿಲ್ಲಿಸಲಿಲ್ಲ. ಅವನ ಮುಖವನ್ನೇ ನೋಡುತ್ತ ಕಡೆಯ ಸಾಲಿನವರೆಗೂ ಹೇಳಿದಳು.

“ತಾಳಿ ಕಳ್ಕಂಡೋಳು ಅಸೆ ಮುಂದೆ ಬಾಯ್ ಬಿಡ್ತೀಯಾ?”

“ತಾಳಿ ಓಗೈತೆ, ಭಾವ. ಗಂಟ್ಲು ಓಗಿಲ್ಲ.”

ಬಾಳೆಲೆ ತರಲು ಪೆನ್ನಾಗರಂಗೆ ಹೋಗಿದ್ದ ಈಶ್ವರನ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವ್ವ ಪಾತ್ರೆ ತಿಕ್ಕುತ್ತಿದ್ದಳು. ಏನಾಯಿತೆಂದು ಕೇಳಿದ್ದಕ್ಕೆ “ಆಡು ಯೋಳ್ದೆ” ಎಂದಳು, ಅಷ್ಟೇ.

ವಾರದಲ್ಲಿ ರಾಮಪ್ಪ ವಿಡಿಯೋದವನನ್ನು ಹಿಡಿದ. ಟೇಪು ಬಂದಾಗ ಹಸೆಯ ಶಾಸ್ತ್ರದ ಉದ್ದಕ್ಕೂ ಸಿನಿಮಾ ಹಾಡು ತುಂಬಿತ್ತು. ಸಿದ್ದಲಕ್ಷ್ಮಮ್ಮ ಕಂಬಕ್ಕೆ ಆನಿಕೊಂಡಿದ್ದ ಕಡೆಯಲ್ಲೆಲ್ಲ ಒಂದು ಕೆಂಪು ಹೃದಯ ಗಿರಗಿರನೆ ತಿರುಗುತ್ತಿತ್ತು, ಅದರೊಳಗೆ ಮಾಲತಿಯ ನಗುಮುಖ. ಆಮೇಲೆ ಯಾವ ಮದುವೆಗೂ ಅವಳನ್ನು ಕರೆಯಲಿಲ್ಲ. ಅವಳು ರಾಗಿ ಹೊಲದಲ್ಲಿ ಕಳೆ ಕೀಳುತ್ತ ಗಿಳಿಗಳಿಗೆ ಸೋಬಾನೆ ಹೇಳಿದಳು. ಎರಡು ವರ್ಷಕ್ಕೆ ಗಂಟಲಲ್ಲಿ ಗಡ್ಡೆ ಎದ್ದಿತು. ಸೇಲಂನಲ್ಲಿ ಆಪರೇಷನ್ ಆಗಿ ಬಂದವಳಿಗೆ ದನಿ ಇರಲಿಲ್ಲ. ಮಗನನ್ನು ಕರೆಯಬೇಕಾದರೆ ಚಮಚದಿಂದ ಸ್ಟೀಲ್ ಲೋಟ ಬಡಿಯುತ್ತಿದ್ದಳು. ಸಿಟ್ಟು ಬಂದಾಗ ಜೋರಾಗಿ ಬಡಿಯುತ್ತಿದ್ದಳು.

*

ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದೆ ಲಕ್ಷ್ಮಣನ್ ಅವರ ವಿಡಿಯೋ ಅಂಗಡಿ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಈಶ್ವರನ್ ಅಲ್ಲಿ ಟೇಪು ತಿರುಗಿಸುತ್ತ ದೊಡ್ಡವನಾಗಿದ್ದ. ಈ ವರ್ಷ ಲಕ್ಷ್ಮಣನ್ ಕಂಪ್ಯೂಟರ್ ತಂದಿದ್ದರು. ಹಳೆಯ ಟೇಪುಗಳನ್ನು ಅದಕ್ಕೆ ಇಳಿಸಿ ಡಿಸ್ಕಿಗೆ ಬರೆದುಕೊಡುವುದು ಹೊಸ ಕೆಲಸ. ಮಾಲತಿ ಮೆಟ್ಟೂರಿನಿಂದ ತನ್ನ ಮದುವೆ ಟೇಪು ಕಳಿಸಿ, “ಬೂಷ್ಟು ಇಡೀತಾ ಐತಣ್ಣ, ಸೀಡಿ ಮಾಡ್ಕೊಡು” ಎಂದು ಫೋನಿನಲ್ಲಿ ಹೇಳಿದ್ದಳು.

ಅವನಿಗೆ ಆ ಟೇಪು ಮುಟ್ಟಲೂ ಮನಸ್ಸಿರಲಿಲ್ಲ. ಇಳಿಸಿದ. ತುಟಿ ಅಲ್ಲಾಡುವ ಮೊದಲೇ ಮಾತು ಬಂದುಬಿಡುತ್ತಿತ್ತು. ಅದನ್ನು ಸರಿಮಾಡಿ ಡಿಸ್ಕಿಗೆ ಹಾಕಿದರೆ ಡಿಸ್ಕು ಕೆಡುತ್ತಿತ್ತು. ಬರೆಯುವಾಗ ಯಾರೂ ಮೌಸ್ ಮುಟ್ಟಬಾರದು. ಪಕ್ಕದ ಕೂಲ್‌ಡ್ರಿಂಕ್ಸ್ ಅಂಗಡಿಯ ಫ್ರಿಜ್ಜು ಗುರ್ ಎಂದು ಕರೆಂಟು ಕುಗ್ಗಿದರೂ ಸಾಕು, ಮುಕ್ಕಾಲು ಬರೆದದ್ದು ಅಲ್ಲಿಗೇ ಸತ್ತುಹೋಗುತ್ತಿತ್ತು. ಕೆಟ್ಟ ಡಿಸ್ಕುಗಳನ್ನು ಅವನು ಮನೆಗೆ ಒಯ್ಯುತ್ತಿದ್ದ. ಅವ್ವ ಅವನ್ನು ದಾರಕ್ಕೆ ಪೋಣಿಸಿ ಗಿಳಿ ಬೆದರಲೆಂದು ಹೊಲದಲ್ಲಿ ಕಟ್ಟುತ್ತಿದ್ದಳು.

ಮಾತು ಯಾಕೆ ಮುಂದೋಡುತ್ತದೆಂದು ಹುಡುಕುತ್ತ ಒಂದು ಮಧ್ಯಾಹ್ನ ಅವನು ವೀಸಿಆರಿನ ಮುಂದಿದ್ದ ಸಣ್ಣ ಸ್ವಿಚ್ಚನ್ನು ಆಚೆಗೆ ತಳ್ಳಿದ. ಸಿನಿಮಾ ಹಾಡು ಮಾಯವಾಯಿತು. ಮಗುವಿನ ಅಳು ಕೇಳಿಸಿತು, ವಿಡಿಯೋದವನ “ಪಾಡುಂಗಮ್ಮಾ” ಕೇಳಿಸಿತು. ಆಮೇಲೆ ತಿರುಗುವ ಹೃದಯದ ಹಿಂದಿನಿಂದ ಅವ್ವ ಹಾಡಿದಳು.

ಈಶ್ವರನ್ ಕುರ್ಚಿ ಬಿಟ್ಟು ಎದ್ದೇಬಿಟ್ಟ. ಲಕ್ಷ್ಮಣನ್ ಓಡಿ ಬಂದರು, ಕೇಳಿದರು, ನಕ್ಕರು. ಈ ಟೇಪಿನಲ್ಲಿ ಸದ್ದಿಗೆ ಎರಡು ದಾರಿ. ಹಾಡು ತುಂಬಿದವನು ಒಂದರ ಮೇಲೆ ತುಂಬಿದ್ದಾನೆ. ಊರಲ್ಲಿರುವ ಸಾದಾ ಮೆಷಿನ್ನುಗಳಲ್ಲಿ ಕೇಳಿಸುವುದು ಅದೊಂದೇ. ಇನ್ನೊಂದು ಚಿತ್ರದ ಅಡಿಯಲ್ಲೇ ಹೂತಿದೆ.

“ಅದನ್ನ ಅಳ್ಸೋಕೆ ಆಗಲ್ವಾ ಅಣ್ಣಾ?”

“ಪಡತ್ತೆ ಅಳಿಚ್ಚಾತ್ತಾನ್ ಅದು ಅಳಿಯುಂ” ಎಂದರು ಲಕ್ಷ್ಮಣನ್. ಚಿತ್ರ ಅಳಿಸಿದರೆ ಮಾತ್ರ ಅದು ಅಳಿಯುತ್ತದೆ. ತನ್ನ ಮಗಳ ಮದುವೆಯನ್ನೇ ಅಳಿಸದೆ ದೊಡ್ಡಪ್ಪ ಅವ್ವನ ದನಿ ಅಳಿಸುವ ಹಾಗಿರಲಿಲ್ಲ.

ಅವತ್ತೇ ಡಿಸ್ಕ್ ಮಾಡಿ ಒಯ್ಯಬಹುದಿತ್ತು. ಆದರೆ ಹಾಡಿನಲ್ಲಿ ಒಂದು ದೋಷವಿತ್ತು. ಪ್ರತಿ ಸಾಲಿನ ಕೊನೆಗೆ ಸದ್ದು ಬಿದ್ದುಹೋಗುತ್ತಿತ್ತು. ಒಂದು ಪಾತ್ರೆ ಸಪ್ಪಳವೂ ಇಲ್ಲ, ಕೆಮ್ಮೂ ಇಲ್ಲ. ಮತ್ತೆ ಅವ್ವನ ದನಿ, ಮತ್ತೆ ತೂತು. ಈಶ್ವರನ್ ವೈರು ಬದಲಿಸಿದ. ಕಂಪ್ಯೂಟರಿನ ಕಾರ್ಡು ಕಿತ್ತು ಒರೆಸಿ ಹಾಕಿದ. ಟೇಪನ್ನು ಮತ್ತೆ ಮೊದಲಿನಿಂದ ಇಳಿಸಿದ.

“ಟೇಪ್‌ಲಯೇ ಅಪ್ಪಡಿತ್ತಾನ್ಡಾ ಇರುಕ್ಕು. ವಿಡು” ಎಂದರು ಲಕ್ಷ್ಮಣನ್. ಟೇಪಿನಲ್ಲೇ ಹಾಗಿದೆ, ಬಿಡು.

ಅವನು ಬಿಡಲಿಲ್ಲ. ದೊಡ್ಡಪ್ಪ ತೂತು ಮಾಡಿದ್ದು ಸಾಲದೆ ಕಂಪ್ಯೂಟರೂ ತೂತು ಮಾಡುವುದೇ? ವಾರವೆಲ್ಲ ಬರೆದ, ಕೆಡಿಸಿದ, ಬರೆದ. ಕೊನೆಗೆ ಇವತ್ತು ಬೆಳಿಗ್ಗೆ, ತೂತಿದ್ದರೂ ಇರಲಿ ಎಂದು ಒಂದು ಡಿಸ್ಕನ್ನೂ ಅಂಗಡಿಯ ಪ್ಲೇಯರನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದ. ಊರ ಸ್ಟಾಪಿನಲ್ಲಿ ಇಳಿದಾಗ ಟೀ ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬಂದು ಅವನ ಕೈ ಹಿಡಿದುಕೊಂಡ.

*

“ಸೋಬಾನೆ ಮಂಗಳದ ಆಡು ಕಣ್ಲಾ” ಎಂದ ರಾಮಪ್ಪ. ಈಗ ದನಿ ಎಲ್ಲರಿಗೂ ಕೇಳಿಸುವಂತಿತ್ತು. “ಎಣದ ಮುಂದೆ ಆಕಿದ್ರೆ ಅಸೆ ಮೇಲೆ ಕುಂತೋಳ ತಾಳಿಗೆ ಕೇಡು. ನನ್ ಮಗಳು ಅದರಲ್ಲಿ ಕುಂತವಳೆ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅದೂ ನಿಜವೇಯ” ಎಂದಳು ಒಬ್ಬ ಮುದುಕಿ. ಟೀವಿಗೂ ಚಿಕ್ಕಣ್ಣನ ಸೆಟ್ಟಿಗೂ ಸಿಕ್ಕಿಸಿದ್ದ ಪ್ಲೇಯರಿನ ಮೇಲೆ ಈಶ್ವರನ್‌ನ ಕೈ ಅಲ್ಲೇ ನಿಂತಿತು.

“ಎತ್ರಪ್ಪಾ, ಒತ್ತಾಯ್ತು” ಎಂದ ರಾಮಪ್ಪ.

“ಇರಿ.”

ಮೆಟ್ಟೂರು ಬಸ್ಸಿಳಿದು ಓಡಿ ಬಂದಿದ್ದ ಮಾಲತಿ ಗೇಟಿನಲ್ಲಿ ನಿಂತಿದ್ದಳು, ಸೊಂಟದಲ್ಲಿ ಮಗು. ಅಪ್ಪನ ಮಾತು ಅವಳಿಗೆ ಕೇಳಿಸಿತ್ತು. ಮಗುವನ್ನು ಹೆಂಗಸರ ನಡುವೆ ಕುಳಿತಿದ್ದ ತನ್ನ ಅವ್ವನ ಮಡಿಲಿಗೆ ಹಾಕಿ, ಬೆಂಚಿನ ಬಳಿ ಕುಳಿತು ಚಿಕ್ಕವ್ವನ ಕೆನ್ನೆ ಮುಟ್ಟಿದಳು. ಆಮೇಲೆ ಎದ್ದಳು.

“ನನ್ ತಾಳಿ ತಾನೇ? ನಾನ್ ಯೋಳ್ತೀನಿ. ಆಕಣ್ಣ.”

“ಏ ಮಾಲತಿ!”

“ಮುಂಡೆ ಬಾಯಿಂದ ಬಂದ ಆಡು, ಮನೆ ಆಳಾಯ್ತದೆ ಅಂದ್ರಿ. ಮೂರು ವರ್ಷ ಆಯ್ತು. ನಿಮ್ಮಳಿಯ ಗುಂಡುಕಲ್ಲಂಗೆ ಅವ್ರೆ, ರಜಾ ಸಿಕ್ಕಿಲ್ಲ ಅಂತ ಬಂದಿಲ್ಲ, ಅಷ್ಟೆ. ಅವತ್ತು ನನಗೋಸ್ಕರ ಬಾಯ್ ಬಿಟ್ಟೋಳು ಇವಳೊಬ್ಳೇ ಕಣಪ್ಪ.”

ಈಶ್ವರನ್ ಗುಂಡಿ ಒತ್ತಿದ.

ಟೀವಿಯಲ್ಲಿ ಹೃದಯ ತಿರುಗತೊಡಗಿತು. ಯಾರೋ ಕಿಸಕ್ಕನೆ ನಕ್ಕರು. ಆಗ ಬೇವಿನ ಮರದಿಂದ ಸಿದ್ದಲಕ್ಷ್ಮಮ್ಮನ ದನಿ ಇಳಿಯಿತು. ಸ್ವಲ್ಪ ಒಡಕು, ಸ್ವಲ್ಪ ಜಗಳದ ದನಿ.

*ಹೊನ್ನೆ ಮರದ ಮಣೆ ಹಾಕಿ ಕೂರ್ಸಿರೇ ಮಗಳ...*

ನಕ್ಕವರು ಬಾಯಿ ಮುಚ್ಚಿದರು. ಸಾಲು ಮುಗಿಯಿತು, ಸದ್ದು ಬಿದ್ದುಹೋಯಿತು. ಜನರೇಟರಿನ ಗುಡುಗುಡು ಮಾತ್ರ ಉಳಿಯಿತು. ಈಶ್ವರನ್‌ನ ಕಿವಿ ಕೆಂಪಾದವು.

“ಅಲ್ಲಿ ಕಟ್ ಆಯ್ತದೆ. ಎಷ್ಟ್ ಸಲ ಬರೆದ್ರೂ ಸರಿ ಓಗ್ಲಿಲ್ಲ...”

“ಕಟ್ ಅಲ್ಲ ಕಣ್ಲಾ ಅದು.” ಮಾತಾಡಿದವಳು ರಾಮಪ್ಪನ ಹೆಂಡತಿ, ಈಶ್ವರನ್‌ನ ದೊಡ್ಡವ್ವ. ಮೊಮ್ಮಗುವನ್ನು ಅಪ್ಪಿಕೊಂಡು ನೆಲ ನೋಡುತ್ತಿದ್ದಳು. “ಅಲ್ಲಿ ನಾವು ಸೋ ಅನ್ಬೇಕು. ಒಬ್ಬಳು ಸಾಲು ಯೋಳಿದ್ರೆ ಮಿಕ್ಕೋರೆಲ್ಲ ಸೋ ಅನ್ಬೇಕು. ಅವಳು ಪ್ರತೀ ಸಾಲಿಗೂ ನಮಗೆ ಅಂತ ಜಾಗ ಬಿಟ್ಟವಳೆ. ನಾವ್ ಯಾರೂ ಅನ್ನಲಿಲ್ಲ.”

ಎರಡನೆಯ ಸಾಲು ಬಂತು. ಮುಗಿಯಿತು. ಮಾಲತಿ ಒಬ್ಬಳೇ, ದಾರಿ ಗೊತ್ತಿಲ್ಲದವಳ ಹಾಗೆ, “ಸೋ... ಸೋಬಾನ” ಎಂದಳು. ಆ ಜಾಗ ಅಷ್ಟಕ್ಕೇ ಸರಿಯಾಗಿತ್ತು. ಅವಳು ಮುಗಿಸಿದ ಕೂಡಲೇ ಸಿದ್ದಲಕ್ಷ್ಮಮ್ಮ ಮೂರನೆಯ ಸಾಲು ಎತ್ತಿಕೊಂಡಳು. ಈ ಸಲ ದೊಡ್ಡವ್ವ ಸೇರಿದಳು, ಗಂಡನ ಮುಖ ನೋಡದೆ. ಅದರ ಮುಂದಿನದಕ್ಕೆ “ಅದೂ ನಿಜವೇಯ” ಎಂದಿದ್ದ ಮುದುಕಿಯೂ ಸೇರಿದಳು. ಸೋ ಎನ್ನುವುದು ಅಂಗಳದಲ್ಲಿ ಒಬ್ಬರಿಂದೊಬ್ಬರಿಗೆ ಹತ್ತಿತು.

ರಾಮಪ್ಪ ದಾಪುಗಾಲು ಹಾಕಿ ಹೋಗಿ ಸ್ಟೂಲಿನ ಹಿಂದಿನ ವೈರು ಹಿಡಿದು ಕಿತ್ತ. ಟೀವಿ ಟಪ್ಪೆಂದು ಆರಿತು. ಹೃದಯ ಹೋಯಿತು. ದನಿ ಹೋಗಲಿಲ್ಲ, ಪ್ಲೇಯರಿನ ವೈರು ಚಿಕ್ಕಣ್ಣನ ಸೌಂಡ್ ಡಬ್ಬಿಗೆ ಬೇರೆಯೇ ಹೋಗಿತ್ತು. ಚಿಕ್ಕಣ್ಣ ಯಾರ ಕಡೆಗೂ ನೋಡದೆ ಬೀಡಿಯನ್ನು ತುಟಿಗಿಟ್ಟುಕೊಂಡು ಸೌಂಡಿನ ತಿರುಪನ್ನು ಇನ್ನಷ್ಟು ಬಲಕ್ಕೆ ತಿರುಗಿಸಿದ.

ರಾಮಪ್ಪ ಕಿತ್ತ ವೈರನ್ನು ಹಿಡಿದುಕೊಂಡೇ ನಿಂತಿದ್ದ. ಅವನ ಮುಂದೆ ಟೀವಿಯ ಕಪ್ಪು ಗಾಜಿನಲ್ಲಿ ಅಂಗಳ ಮೂಡಿತ್ತು. ಬಾಯಿ ತೆರೆದ ಹೆಂಗಸರು, ಬೇವಿನ ಮರ, ಬೆಂಚು. ನಡುವೆ, ಯಾವ ಹೃದಯದ ಮರೆಯೂ ಇಲ್ಲದೆ, ಸಿದ್ದಲಕ್ಷ್ಮಮ್ಮ ಇಡಿಯಾಗಿ ಮಲಗಿದ್ದಳು.