ಬಾಕಿ ಏಳು ಸಾಲು

ಚಿಕ್ಕಬೀರಯ್ಯನಿಗೆ ನೆನಪಿನ ಶಕ್ತಿ ಇರಲಿಲ್ಲ. ಈಗ ಉಸಿರೂ ಇರಲಿಲ್ಲ. ನಾಲ್ವರು ಬಗ್ಗಿ ಚಟ್ಟಕ್ಕೆ ಹೆಗಲು ಕೊಡುವಷ್ಟರಲ್ಲಿ ಅವನ ಹೆಂಡತಿ ಬೀರಮ್ಮ ಬಿದಿರನ್ನು ಹಿಡಿದುಕೊಂಡಳು.

"ಇಳ್ಸಿ. ಅವ್ರು ಇನ್ನೂ ಚಾರ್ಜು ಕೊಟ್ಟಿಲ್ಲ."

ತಮಟೆ ನಿಂತಿತು. ಬೀಚನಹಳ್ಳಿಯ ಡ್ಯಾಮ್ ಕ್ವಾರ್ಟರ್ಸಿನ ಅಂಗಳದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ನಿಂತವರಿಗೆಲ್ಲ ಮೊಣಕಾಲಿನ ಕೆಳಗೆ ಕಾಲೇ ಇಲ್ಲದಂತೆ ಕಾಣುತ್ತಿತ್ತು.

"ಏನಮ್ಮಿ ನಿಂದು? ಸತ್ತೋನು ಯಾರ್ಗೆ ಚಾರ್ಜು ಕೊಟ್ಟಾನು?" ಎಂದಳು ಅವಳ ನಾದಿನಿ ಸಾಕಮ್ಮ. "ಗುಂಡಿ ತೋಡಾಯ್ತು. ವೊತ್ತಾಯ್ತದೆ."

"ಮೂವತ್ತು ವರ್ಸದಲ್ಲಿ ಒಂದಿನಾನೂ ಚಾರ್ಜು ಕೊಡ್ದೆ ಮನೆಗೆ ಬಂದೋರಲ್ಲ. ಇವತ್ತು ಅಂಗೇ ಕಳಿಸ್ಲಾ?"

ಡ್ಯಾಮಿನ ಗೇಟು ನೋಡಿಕೊಳ್ಳುವವರ ಪದ್ಧತಿ ಅದು. ಪಾಳಿ ಮುಗಿಸಿದವನು ಬಂದವನಿಗೆ ಬಾಕಿ ಕೆಲಸಗಳನ್ನು ಒಂದೊಂದಾಗಿ ಹೇಳಬೇಕು. ಬಂದವನು ಪ್ರತಿಯೊಂದಕ್ಕೂ 'ತಗೊಂಡೆ' ಎನ್ನಬೇಕು. ಆಮೇಲೆಯೇ ಮೊದಲಿನವನು ಮೆಟ್ಟಿಲಿಳಿಯುವುದು. ನಿನ್ನೆ ಸಂಜೆ ಚಿಕ್ಕಬೀರಯ್ಯ ಪಾಳಿಯ ನಡುವೆ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಅವನ ನಂತರದ ಪಾಳಿ ತಮ್ಮ ಲಿಂಗರಾಜುವಿನದು.

"ಲಿಂಗ, ನೀ ಆಪೀಸಿಗೋಗು," ಎಂದಳು ಬೀರಮ್ಮ. "ಅವ್ರ ಬಾಕಿ ಎಲ್ಲಾ ಕಂಪ್ಯೂಟ್ರಲ್ಲಿ ಅದೆ. ನಂದೂ ಒಂದು ಅದೆ. 'ನಿಂಗೊಂದು ಮಾತು ಹೇಳ್ಬೇಕು, ಮರ್ತೋಯ್ತದೆ ಅಂತ ಅದ್ರಲ್ಲಿ ಇಟ್ಟಿವ್ನಿ, ನೋಡ್ಕಂಡು ಬಂದು ಹೇಳ್ತೀನಿ' ಅಂದಿದ್ರು. ಅದ್ನ ತಂದ್ಕೊಡು. ಆಮೇಲೆ ಎತ್ಲಿ."

*

ಎರಡು ಸಾವಿರದನೇ ಇಸವಿಯಲ್ಲಿ ಗೇಟಿನ ಮೆಟ್ಟಿಲಿನಿಂದ ಬಿದ್ದ ಮೇಲೆ ಚಿಕ್ಕಬೀರಯ್ಯನಿಗೆ ಹಳೆಯದೆಲ್ಲ ನೆನಪಿತ್ತು. ಬೆಳಿಗ್ಗೆ ಕೇಳಿದ್ದು ಮಾತ್ರ ಮಧ್ಯಾಹ್ನಕ್ಕೆ ಉಳಿಯುತ್ತಿರಲಿಲ್ಲ. ಕೆಲಸ ಹೋಗುವುದರಲ್ಲಿತ್ತು. ಆಗ ಕಚೇರಿಯ ಕಂಪ್ಯೂಟರ್ ಆಪರೇಟರ್ ಪ್ರಮೀಳಾ ಮೂಲೆಯ ಹಳೇ ಮೆಷಿನ್ನಿನಲ್ಲಿ ಅವನಿಗೆಂದೇ ಒಂದು ಸಣ್ಣ ಪ್ರೋಗ್ರಾಂ ಬರೆದಳು. ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳಿಂದ 'ಕೆಲಸ' ಎಂದು ಒತ್ತಿದರೆ ಬಾಕಿ ಕೆಲಸಗಳು ನಂಬರಿನ ಜೊತೆ ಹಸಿರಾಗಿ ಏಳುತ್ತಿದ್ದವು, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ತಲೆ ಎತ್ತುವ ಹಾಗೆ. 'ಆಯ್ತು 3' ಎಂದರೆ ಮೂರನೆಯದು ಮುಳುಗುತ್ತಿತ್ತು.

ಮೊದಲ ವಾರವೇ ಎಡವಿದ. ಎರಡು ಕೆಲಸ ಮುಗಿಸಿ ಬಂದು 'ಆಯ್ತು 1' ಒತ್ತಿದ, 'ಆಯ್ತು 2' ಒತ್ತಿದ. ಬಂಗಲೆಯ ಬೀಗ ತೆಗೆಯುವ ಮೂರನೆಯ ಕೆಲಸ ಮಾಯವಾಯಿತು. ಇಂಜಿನಿಯರು ಒಂದು ಗಂಟೆ ಬಾಗಿಲಲ್ಲಿ ನಿಂತರು.

"ಬೀರಣ್ಣ, ಮೇಲಿಂದು ಹೋದ್ರೆ ಕೆಳಗಿನವೆಲ್ಲ ಒಂದೊಂದು ಮೆಟ್ಲು ಹತ್ತುತ್ತವೆ," ಎಂದಳು ಪ್ರಮೀಳಾ. "ಮೂರು ಇದ್ದದ್ದು ಎರಡಾಗ್ತದೆ. ಅದಕ್ಕೇ ಕೆಳಗಿಂದ ಅಳಿಸ್ಕೊಂಡು ಬರಬೇಕು. ಅಳಿಸಿದ್ದು ವಾಪಸ್ ಬರಲ್ಲ."

"ಅಂಗಾರೆ ನನ್ ತಲೆ ಇದ್ದಂಗೇ ಅದೆ ಬುಡವ್ವ ಇದು."

ಅಂದಿನಿಂದ ದಿನಾ ಬೆಳಿಗ್ಗೆ ಅಂಗೈಯಲ್ಲಿ ಪೆನ್ನಿನಿಂದ ಕೆಳಗಿಂದ ಮೇಲಕ್ಕೆ ಹೋಗುವ ಒಂದು ಬಾಣ ಬರೆದುಕೊಳ್ಳುತ್ತಿದ್ದ. ಸತ್ತಾಗಲೂ ಅದು ಇತ್ತು. ಹೆಣಕ್ಕೆ ನೀರು ಹಾಕುವಾಗ ಲಿಂಗರಾಜುವೇ ಅದನ್ನು ಸೋಪು ಹಚ್ಚಿ ಉಜ್ಜಿ ತೊಳೆದಿದ್ದ.

ಹೋದ ವಾರ ಚಿಕ್ಕಬೀರಯ್ಯ ಪ್ರಮೀಳಾಳನ್ನು ಕುರ್ಚಿಯಿಂದ ಎಬ್ಬಿಸಿ ಆಚೆ ಕಳಿಸಿದ್ದ. "ನೀ ಒಸಿ ಆಚೆಗೋಗವ್ವ, ಇದು ಮನೆ ಇಚಾರ." ಒಂದೇ ಬೆರಳಿನಲ್ಲಿ ಕೀಲಿ ಒತ್ತುವ ಸದ್ದು ಅರ್ಧ ಗಂಟೆ ಕೇಳಿತು. ಅವಳು ನೋಡಲಿಲ್ಲ.

*

ಪ್ರಮೀಳಾ ರಜೆ ಹಾಕಿ ಕೆ.ಆರ್. ನಗರಕ್ಕೆ ಹೋಗಿದ್ದಳು. ಲಿಂಗರಾಜು ಒಬ್ಬನೇ ಮೆಷಿನ್ ಮುಂದೆ ಕುಳಿತ. ಅಣ್ಣ ಒತ್ತುವುದನ್ನು ನೋಡಿ ಅಭ್ಯಾಸವಿತ್ತು. 'ಕೆಲಸ' ಎಂದ.

ಏಳು ಸಾಲು ಎದ್ದವು.

ಪರದೆಗೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದ. ಒಂದು, ಎರಡನೇ ಗೇಟಿಗೆ ಗ್ರೀಸು. ಎರಡು, ನೀರಿನ ಮಟ್ಟದ ಕಲ್ಲು ಒರೆಸುವುದು. ಮೂರು, ಟಾರ್ಚಿಗೆ ಸೆಲ್ಲು. ಮೂರನ್ನೂ ರಾತ್ರಿ ತನ್ನ ಪಾಳಿಯಲ್ಲಿ ಲಿಂಗರಾಜುವೇ ಮುಗಿಸಿದ್ದ. ನಾಲ್ಕು, ಹಗ್ಗ ಬದಲಾಯಿಸುವುದು. ಐದು: ಬೀ, ರ, ಮ್ಮ, ನಿ, ಗೆ.

ಅಲ್ಲಿಗೆ ನಿಲ್ಲಿಸಿದ. ಮನೆಯ ಮಾತು, ಕೊನೆಗೆ ನಿಧಾನವಾಗಿ ಓದಬೇಕು. ಮೊದಲು ಅಣ್ಣನ ಮುಗಿದ ಕೆಲಸಗಳ ಚಾರ್ಜು ಆಗಲಿ.

'ಆಯ್ತು 1.' ಸಾಲುಗಳೆಲ್ಲ ಮರೆಯಾಗಿ ಪರದೆ ಬರೀ ಕಪ್ಪಾಯಿತು.

"ತಗೊಂಡೆ ಅಣ್ಣ," ಎಂದ ಖಾಲಿ ಕೋಣೆಗೆ.

'ಆಯ್ತು 2.' "ತಗೊಂಡೆ."

'ಆಯ್ತು 3.' "ತಗೊಂಡೆ."

ಮತ್ತೆ 'ಕೆಲಸ' ಒತ್ತಿದ. ನಾಲ್ಕು ಸಾಲು ಎದ್ದವು. ಒರೆಸಿ ಬಂದಿದ್ದ ಮಟ್ಟದ ಕಲ್ಲು ಮೊದಲನೇ ಸಾಲಿನಲ್ಲಿ ಇನ್ನೂ ಇತ್ತು. ಬೀರಮ್ಮ ಇರಲಿಲ್ಲ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹುಡುಕಿದ. ಪರದೆಯ ಗಾಜನ್ನು ಟವೆಲಿನಿಂದ ಒರೆಸಿಯೂ ನೋಡಿದ. ಕಿಟಕಿಯಾಚೆ ನೀರು ಯಾವುದು, ಮಂಜು ಯಾವುದು ಗೊತ್ತಾಗುತ್ತಿರಲಿಲ್ಲ.

*

"ನಿಮ್ಮೆಸ್ರು ಇತ್ತು ಅತ್ಗೆ. ಕಣ್ಣಾರೆ ಕಂಡೆ," ಎಂದ ಲಿಂಗರಾಜು. "ಮುಂದಕ್ಕೆ ಓದೋಕ್ ಮುಂಚೆ ನಾನೇ ಅಳಿಸ್ಬುಟ್ಟೆ. ಎಂಗೆ ಅಂತ ಗೊತ್ತಾಯ್ತಿಲ್ಲ."

"ನಿನ್ ಕೈ ಸೇದೋಗ!" ಎಂದಳು ಸಾಕಮ್ಮ.

ಬೀರಮ್ಮ ಬಯ್ಯಲಿಲ್ಲ. "ಎಷ್ಟುದ್ದ ಇತ್ಲಾ?" ಎಂದು ಕೇಳಿದಳು.

ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿ ತೋರಿಸಿದ. "ಇಷ್ಟು."

"ಸರ್ಯಾಗ್ ನೋಡ್ದಾ?"

"ಇಷ್ಟೇ ಕಣತ್ಗೆ. ಒಂದು ಗೇಣು."

ಅವಳು ತನ್ನ ಗೇಣನ್ನು ಅವನ ಗೇಣಿನ ಮೇಲಿಟ್ಟಳು. ಅವಳದು ಒಂದು ಬೆರಳು ಕಡಿಮೆ ಬಂತು. ಬೆರಳುಗಳನ್ನು ಇನ್ನಷ್ಟು ಬಿಗಿದು ಹಿಗ್ಗಿಸಿದಳು. ಆ ಅಳತೆಯನ್ನು ಮಡಚದೆ ಹಾಗೇ ತಂದು ಗಂಡನ ಎದೆಯ ಮೇಲೆ ಇಟ್ಟಳು.

"ತಗೊಂಡೆ," ಎಂದಳು. ಆಮೇಲೆ ಹೊರುವವರ ಕಡೆ ತಿರುಗಿ, "ಎತ್ತಿ."

ತಮಟೆ ಶುರುವಾಯಿತು. ಚಟ್ಟ ನಾಲೆಯ ಏರಿ ಹಿಡಿದು ಮಂಜಿನೊಳಗೆ ಹೋಯಿತು.

ಇದ್ದದ್ದು ಏಳು ಸಾಲು. ಅಳಿದದ್ದು ಮೂರು. ಅದರಲ್ಲಿ ಎರಡು ಮುಗಿದ ಕೆಲಸ, ಒಂದು ಮುಗಿಯದ್ದು.